ವೇಫರ್ ಟಂಬ್ಲರ್ ಬೀಗದ ಮರುಜೋಡಣೆ

ವೇಫರ್ ಟಂಬ್ಲರ್ ಬೀಗದ ಮರುಜೋಡಣೆ ಎಂದರೆ ಬೀಗವನ್ನು ಬದಲಾಯಿಸದೆ, ಅದರೊಳಗಿನ ಬಿಲ್ಲೆಗಳನ್ನು ಮಾತ್ರ ಬದಲಾಯಿಸಿ ಹೊಸ ಬೀಗದ ಕೈಗೆ ಹೊಂದಿಸುವ ಕೆಲಸ. ಬೀಗದ ಕೈ ಕಳೆದುಹೋದಾಗ ಅಥವಾ ಹಳೆಯ ಕೈ ಅನ್ಯರ ವಶದಲ್ಲಿ ಉಳಿದಿರುವ ಸಂದೇಹವಿದ್ದಾಗ ಇದರ ಅಗತ್ಯ ಬೀಳುತ್ತದೆ. ಮೇಜಿನ ಡ್ರಾಯರ್, ಕಡತಗಳ ಕಪಾಟು, ಟಪಾಲು ಪೆಟ್ಟಿಗೆ ಹಾಗೂ ಹಳೆಯ ಕಾರುಗಳಲ್ಲಿ ಈ ಬಗೆಯ ಬೀಗಗಳು ಸಾಮಾನ್ಯವಾಗಿವೆ.

ಇತಿಹಾಸ

ಅಮೆರಿಕದ ಫೈಲೊ ಫೆಲ್ಟರ್ 1868ರಲ್ಲಿ ಇಂತಹ ಬೀಗಕ್ಕೆ ಪೇಟೆಂಟ್ ಪಡೆದನು. ಅದರ ಕೈ ಚಪ್ಪಟೆಯಾಗಿದ್ದು ಎರಡೂ ಅಂಚುಗಳಲ್ಲಿ ಕಚ್ಚುಗಳನ್ನು ಹೊಂದಿತ್ತು. ಲೈನಸ್ ಯೇಲ್ ಜೂನಿಯರ್ ಚಪ್ಪಟೆ ಕೈಯ ಪಿನ್ ಟಂಬ್ಲರ್ ಬೀಗಕ್ಕೆ ಪೇಟೆಂಟ್ ಪಡೆದದ್ದು ಇದಕ್ಕೆ ಮೂರು ವರ್ಷ ಮೊದಲು, 1865ರಲ್ಲಿ.

ರಚನೆ

ಹೊರಕವಚದೊಳಗೆ ತಿರುಗುವ ಉರುಳೆಯೊಂದಿದ್ದು, ಅದರ ಅಡ್ಡ ಸೀಳುಗಳಲ್ಲಿ ತೆಳು ಲೋಹದ ಬಿಲ್ಲೆಗಳು ಕುಳಿತಿರುತ್ತವೆ. ಪ್ರತಿ ಬಿಲ್ಲೆಯ ನಡುವೆ ಆಯತಾಕಾರದ ಕಿಂಡಿಯಿದ್ದು, ಬೀಗದ ಕೈ ಅದರ ಮೂಲಕ ಹಾದುಹೋಗುತ್ತದೆ. ಪಿನ್ ಟಂಬ್ಲರಿನಲ್ಲಿ ಪ್ರತಿ ಸ್ಥಾನದಲ್ಲಿಯೂ ಬಿಡಿ ಪಿನ್ನುಗಳು ಒಂದರ ಮೇಲೊಂದು ನಿಂತರೆ, ಇಲ್ಲಿ ಬಿಲ್ಲೆ ಒಂದೇ ಅಖಂಡ ತುಂಡು. ಬಿಲ್ಲೆಗಳ ಹೊರ ಅಳತೆ ಒಂದೇ ಆಗಿದ್ದು, ಕಿಂಡಿಯ ಎತ್ತರ ಮಾತ್ರ ಬೇರೆ ಬೇರೆ. ಕೈ ಇಲ್ಲದಾಗ ಸ್ಪ್ರಿಂಗು ಬಿಲ್ಲೆಯನ್ನು ಕವಚದ ಗಾಡಿಗೆ ತಳ್ಳಿ ಉರುಳೆಯನ್ನು ತಡೆಯುತ್ತದೆ. ಸರಿಯಾದ ಕೈ ಎಲ್ಲ ಬಿಲ್ಲೆಗಳನ್ನೂ ಉರುಳೆಯ ಮೈಮಟ್ಟಕ್ಕೆ ತರುತ್ತದೆ.

ಐದು ಬಿಲ್ಲೆ, ನಾಲ್ಕು ಆಳಗಳಿರುವ ಬೀಗದಲ್ಲಿ ಲೆಕ್ಕಕ್ಕೆ 1024 ಜೋಡಣೆಗಳು ಸಾಧ್ಯ. ಎಲ್ಲ ಕಚ್ಚುಗಳೂ ಒಂದೇ ಆಳದಲ್ಲಿರುವಂತಹ ದುರ್ಬಲ ಜೋಡಣೆಗಳನ್ನು ಬಿಡುವುದರಿಂದ ಬಳಕೆಗೆ ಬರುವುವು ಇನ್ನೂ ಕಡಿಮೆ.

ವಿಧಾನ

ಬೀಗದ ಹಿಂಬದಿಯ ನಾಲಿಗೆಯನ್ನು ಬಿಚ್ಚಿ, ಕೈಯನ್ನು ತೂರಿಸಿಟ್ಟುಕೊಂಡೇ ಉರುಳೆಯನ್ನು ಹೊರಗೆಳೆಯಲಾಗುತ್ತದೆ. ಹಲವು ಬೀಗಗಳಲ್ಲಿ ಉರುಳೆಯನ್ನು ಹಿಡಿದಿಡುವ ಪ್ರತ್ಯೇಕ ಬಿಲ್ಲೆಯಿದ್ದು, ಅದನ್ನು ಸಣ್ಣ ರಂಧ್ರದ ಮೂಲಕ ತಂತಿಯಿಂದ ಅದುಮಬೇಕಾಗುತ್ತದೆ. ಸ್ಪ್ರಿಂಗುಗಳು ಅತಿ ಚಿಕ್ಕವು. ಒಂದು ಹಾರಿಹೋದರೂ ಕೆಲಸ ನಿಲ್ಲುವುದರಿಂದ ಅಂಚಿರುವ ತಟ್ಟೆಯ ಮೇಲೆ ಬಿಚ್ಚುವುದು ವಾಡಿಕೆ.

ಹೊಸ ಬಿಲ್ಲೆಗಳನ್ನು ಕೂರಿಸಿ ಕೈಯನ್ನು ತೂರಿಸಿದಾಗ ಯಾವ ಬಿಲ್ಲೆಯೂ ಹೊರಚಾಚಬಾರದು. ಕೈ ಇಲ್ಲದಾಗ ಚಾಚುತ್ತಿದ್ದ ಬದಿಗೇ ಚಾಚಿದರೆ ಆ ಸ್ಥಾನದ ಕಚ್ಚು ಹೆಚ್ಚು ಆಳವಾಗಿದೆ ಎಂದೂ, ಎದುರು ಬದಿಗೆ ಚಾಚಿದರೆ ಆಳ ಸಾಲದು ಎಂದೂ ಅರ್ಥ. ಸವೆದ ಕೈಯಲ್ಲಿ ಕಾಣುವುದು ಮೊದಲನೆಯ ದೋಷ. ಆದ್ದರಿಂದ ಸವೆದ ಕೈಯನ್ನು ನಕಲು ಮಾಡುವುದಕ್ಕಿಂತ ಸಂಕೇತ ಸಂಖ್ಯೆಯ ಪ್ರಕಾರ ಹೊಸದನ್ನು ಕತ್ತರಿಸುವುದೇ ಲೇಸು.

ಹಳೆಯ ಬೀಗಗಳ ತೊಡಕು

ತಯಾರಿಕೆ ನಿಂತ ಬೀಗಗಳಿಗೆ ಬಿಡಿ ಬಿಲ್ಲೆಗಳು ದೊರೆಯುವುದು ಕಷ್ಟ. ಆಗ ಇರುವ ಬಿಲ್ಲೆಗಳನ್ನೇ ಸ್ಥಾನಪಲ್ಲಟ ಮಾಡಿ, ಅದಕ್ಕೆ ತಕ್ಕಂತೆ ಕೈಯನ್ನು ಕತ್ತರಿಸಲಾಗುತ್ತದೆ. ನಾಲ್ಕು ಆಳಗಳ ಐದು ಬಿಲ್ಲೆಗಳಲ್ಲಿ ಎರಡಾದರೂ ಒಂದೇ ಬಗೆಯವಾಗುವುದರಿಂದ, ಹೀಗೆ ಪಡೆಯಬಹುದಾದ ಕ್ರಮಗಳು ಮೂಲ ಕ್ರಮವೂ ಸೇರಿ ಹೆಚ್ಚೆಂದರೆ 60. ಹೊರಚಾಚಿದ ಬಿಲ್ಲೆಯ ತುದಿಯನ್ನು ಅರದಿಂದ ಉಜ್ಜಿ ಸಮಮಾಡುವ ಅಡ್ಡದಾರಿಯೂ ಉಂಟು. ಇದರಿಂದ ಬಿಲ್ಲೆ ಗಿಡ್ಡವಾಗಿ ಹಿಡಿತ ಸಡಿಲಗೊಳ್ಳುತ್ತದೆ. ಬದಲಾಯಿಸುವ ಉದ್ದೇಶವಿದ್ದ ಹಳೆಯ ಕೈಯೇ ಮತ್ತೆ ಬೀಗವನ್ನು ತೆರೆಯುವ ಸಂಭವವಿರುತ್ತದೆ. ಹೀಗಾಗಿ ಕೆಲಸ ಮುಗಿದ ಬಳಿಕ ಹಳೆಯ ಕೈಯನ್ನೂ ತಿರುಗಿಸಿ ನೋಡುವುದು ಅವಶ್ಯ.

ಕಚೇರಿಯ ಪೀಠೋಪಕರಣಗಳ ಬೀಗದ ಮುಖದ ಮೇಲೆ ಅನೇಕ ವೇಳೆ ಸಂಕೇತ ಸಂಖ್ಯೆ ಅಚ್ಚಾಗಿರುತ್ತದೆ. ಮರುಜೋಡಣೆಯ ನಂತರ ಅದು ಹೊಸ ಕೈಗೆ ಅನ್ವಯಿಸುವುದಿಲ್ಲವಾದ್ದರಿಂದ ಹೊಸ ಆಳಗಳನ್ನು ದಾಖಲೆಯಲ್ಲಿ ಬೇರೆಯಾಗಿ ಬರೆದಿಡಬೇಕಾಗುತ್ತದೆ. ಬಿಲ್ಲೆಗಳಿಗೆ ಗ್ರಾಫೈಟ್ ಪುಡಿಯನ್ನು ಹಾಕುವುದುಂಟು. ಗಟ್ಟಿ ಎಣ್ಣೆ ಧೂಳನ್ನು ಹಿಡಿದು ಬಿಲ್ಲೆಗಳನ್ನು ಅಂಟಿಸಿಬಿಡುತ್ತದೆ.