ಅಡಿನೋಮಯೋಸಿಸ್: ಗರ್ಭಕೋಶವನ್ನುಳಿಸುವ ಚಿಕಿತ್ಸೆಯ ಇತಿಹಾಸ

ಗರ್ಭಕೋಶದ ಒಳಪೊರೆಯಲ್ಲಿರಬೇಕಾದ ಗ್ರಂಥಿಗಳು ಅದರ ಸ್ನಾಯುಭಿತ್ತಿಯೊಳಕ್ಕೆ ಸೇರಿ ಬೆಳೆದು, ಭಿತ್ತಿಯನ್ನು ಉಬ್ಬಿಸಿ, ಋತುಕಾಲದಲ್ಲಿ ಅತಿಸ್ರಾವವನ್ನೂ ದುಸ್ಸಹವಾದ ವೇದನೆಯನ್ನೂ ಉಂಟುಮಾಡುವ ವ್ಯಾಧಿಗೆ ಅಡಿನೋಮಯೋಸಿಸ್ ಎಂದು ಹೆಸರು. ವಿಯೆನ್ನಾ ನಗರದ ಕಾರ್ಲ್ ಫಾನ್ ರೋಕಿಟಾನ್ಸ್ಕಿ 1860ರಲ್ಲಿ ಸ್ನಾಯುವಿನ ನಡುವಣ ಈ ಗ್ರಂಥಿಗಳನ್ನು ವರ್ಣಿಸಿದರು. ಅವು ಒಳಪೊರೆಯಿಂದಲೇ ಇಳಿದುಬಂದವೆಂಬುದನ್ನು ಬಾಲ್ಟಿಮೋರಿನ ಥಾಮಸ್ ಕಲನ್ 1908ರ ತಮ್ಮ ಗ್ರಂಥದಲ್ಲಿ ಸವಿಸ್ತಾರವಾಗಿ ಪ್ರತಿಪಾದಿಸಿದರು. ಈಗಿನ ಹೆಸರನ್ನು 1925ರಲ್ಲಿ ಇತ್ತವರು ಆಸ್ಕರ್ ಫ್ರಾಂಕ್ಲ್.

ಈ ಜ್ಞಾನಕ್ಕೆಲ್ಲ ಆಧಾರವಾದುದು ದೇಹದಿಂದ ಹೊರತೆಗೆದ ಅವಯವ. ಸೂಕ್ಷ್ಮದರ್ಶಕದ ಕೆಳಗೆ ರೋಗವು ಖಚಿತವಾಗುವ ಹೊತ್ತಿಗೆ ರೋಗಿಗೆ ಗರ್ಭಕೋಶವೇ ಇರುತ್ತಿರಲಿಲ್ಲ. ಆದುದರಿಂದ ಅದನ್ನುಳಿಸಿಕೊಂಡು ಗುಣಪಡಿಸುವ ವಿಚಾರವು ಬಹುಕಾಲ ತಲೆಯೆತ್ತಲಿಲ್ಲ. ಮುಟ್ಟಿನ ನೋವು ಹೆಣ್ಣು ಸಹಿಸಲೇಬೇಕಾದುದೆಂಬ ನಂಬಿಕೆಯೂ ಈ ವಿಳಂಬಕ್ಕೆ ಕಾರಣವಾಯಿತೆಂದು ಹೇಳದೆ ವಿಧಿಯಿಲ್ಲ. 1980ರ ದಶಕದಿಂದೀಚೆಗೆ ಯೋನಿಮಾರ್ಗದ ಸ್ಕ್ಯಾನಿಂಗೂ ಎಂ.ಆರ್.ಐ. ಚಿತ್ರಣವೂ ಬಳಕೆಗೆ ಬಂದು, ಒಳಪೊರೆಗೂ ಸ್ನಾಯುವಿಗೂ ನಡುವಣ ವಲಯವು 12 ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ದಪ್ಪವಾಗಿದೆಯೇ ಎಂಬುದನ್ನು ಜೀವಂತ ದೇಹದಲ್ಲಿಯೇ ಅಳೆಯುವುದು ಸಾಧ್ಯವಾದ ಮೇಲೆಯೇ ಚಿಕಿತ್ಸೆಯ ದಾರಿ ಬೇರೆಯಾಯಿತು.

ಫಿನ್ಲೆಂಡಿನ ತಪಾನಿ ಲೂಕೈನೆನ್ ಗರ್ಭನಿರೋಧಕ್ಕಾಗಿ ರೂಪಿಸಿದ, 1990ರಲ್ಲಿ ಅಲ್ಲಿ ಬಳಕೆಗೆ ಬಂದ, ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಒಸರುವ ಸಾಧನವನ್ನು ಗರ್ಭಕೋಶದೊಳಗಿಟ್ಟರೆ ಸ್ರಾವವೂ ನೋವೂ ತಗ್ಗುವುದು ಕಂಡುಬಂದಿತು. ಇದಕ್ಕೆ ಕತ್ತರಿಯ ಅಗತ್ಯವೇ ಇಲ್ಲ.

ರಕ್ತನಾಳಗಳನ್ನು ಮುಚ್ಚುವ ಎಂಬೊಲೈಸೇಷನ್ ವಿಧಾನದ ಕಥೆಯು ಹೆಚ್ಚು ಸ್ವಾರಸ್ಯವುಳ್ಳದ್ದು. ಪ್ಯಾರಿಸಿನ ಜಾಕ್ ರಾವಿನಾ ಮತ್ತು ಸಂಗಡಿಗರು ಫೈಬ್ರಾಯ್ಡ್ ಗಡ್ಡೆಗಳ ಶಸ್ತ್ರಕ್ರಿಯೆಯಲ್ಲಿ ರಕ್ತನಷ್ಟವನ್ನು ತಗ್ಗಿಸಲೆಂದು, ನಾಳದೊಳಗೆ ಸಣ್ಣ ಕೊಳವೆಯನ್ನು ತೂರಿಸಿ, ಗರ್ಭಕೋಶದ ಧಮನಿಗಳಿಗೆ ಸೂಕ್ಷ್ಮ ಕಣಗಳನ್ನು ಬಿಟ್ಟು ಪ್ರವಾಹವನ್ನು ತಡೆಯುತ್ತಿದ್ದರು. ಶಸ್ತ್ರಕ್ರಿಯೆಗೆ ಕಾದಿದ್ದ ಹಲವರ ಬಾಧೆಯು ಅಷ್ಟರಿಂದಲೇ ಶಮನವಾಗಿ, ಆ ಶಸ್ತ್ರಕ್ರಿಯೆಯೇ ಬೇಡವಾಯಿತು. 1995ರಲ್ಲಿ ಪ್ರಕಟವಾದ ಈ ಅನುಭವವನ್ನು ಅನಂತರ ಅಡಿನೋಮಯೋಸಿಸ್‌ಗೂ ಅನ್ವಯಿಸಿದರು. ಆದರೆ ಫೈಬ್ರಾಯ್ಡ್ ಪ್ರತ್ಯೇಕವಾದೊಂದು ಗಂಟು, ಅಡಿನೋಮಯೋಸಿಸ್ ಭಿತ್ತಿಯಲ್ಲಿಯೇ ಹೆಣೆದುಕೊಂಡಿರುವ ವಿಕಾರ. ಆದಕಾರಣ ಇಲ್ಲಿ ಅನೇಕರಿಗೆ ಉಪಶಮನ ದೊರೆತರೂ ಕೆಲವರಲ್ಲಿ ಬಾಧೆಯು ಮರುಕಳಿಸುವುದು.

ಶ್ರವಣಾತೀತ ತರಂಗಗಳನ್ನು ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿ ಅಂಗಾಂಶವನ್ನು ಸುಡುವ ಕ್ರಮವನ್ನು 1950ರ ದಶಕದಲ್ಲಿ ಇಲಿನಾಯ್ಸಿನ ಫ್ರೈ ಸಹೋದರರು ಮೆದುಳಿನ ವಿಷಯದಲ್ಲಿ ಶೋಧಿಸಿದ್ದರು. ಚೀನದ ಚೊಂಗ್‌ಚಿಂಗ್ ನಗರದ ವೈದ್ಯರೂ ಯಂತ್ರಜ್ಞರೂ ಸೇರಿ ಅದನ್ನು ಸ್ತ್ರೀರೋಗಗಳಿಗೆ ವಿಸ್ತರಿಸಿದರು. ಚರ್ಮವನ್ನು ಕೊಯ್ಯದೆಯೇ ಒಳಗಣ ವಿಕೃತ ಭಾಗದ ಉಷ್ಣತೆಯನ್ನು 60 ಡಿಗ್ರಿ ಸೆಲ್ಸಿಯಸ್ ದಾಟಿಸುವುದೇ ಅದರ ತತ್ತ್ವ.

ಕತ್ತರಿಯಿಂದ ರೋಗಭಾಗವನ್ನಷ್ಟೇ ತೆಗೆಯುವ ಪ್ರಯತ್ನಗಳೂ ನಡೆದಿವೆ. ರೋಗಕ್ಕೂ ಆರೋಗ್ಯಕ್ಕೂ ನಡುವೆ ಸ್ಪಷ್ಟವಾದ ಗಡಿಯಿಲ್ಲದಿರುವುದರಿಂದ ಇದು ಕಠಿಣವಾದುದು. ಜಪಾನಿನ ಹಿಸಾವೊ ಒಸಾದಾ 2011ರಲ್ಲಿ ವರದಿಮಾಡಿದ, ಉಳಿದ ಭಿತ್ತಿಯನ್ನು ಪದರಪದರವಾಗಿ ಮಡಿಸಿ ಹೊಲಿಯುವ ವಿಧಾನವು ಹೊಟ್ಟೆಯನ್ನು ತೆರೆದು ಮಾಡುವಂಥದು. ಲ್ಯಾಪರೋಸ್ಕೋಪಿಯಲ್ಲಿ ಗಾಯಗಳು ಚಿಕ್ಕವಾದರೂ ಹೊಲಿಗೆಯು ಅಷ್ಟೇ ಗಟ್ಟಿಯಾಗಿರಬೇಕು. ಹೀಗೆ ಭಿತ್ತಿಯನ್ನು ಕೊಯ್ದು ಹೊಲಿಸಿಕೊಂಡವರು ಮುಂದೆ ಗರ್ಭ ಧರಿಸಿದಾಗ ಆ ಭಿತ್ತಿಯು ಸೀಳುವ ಭಯವುಂಟು. ಅದಕ್ಕಾಗಿ ಅವರ ಹೆರಿಗೆಯನ್ನು ಬಹುಮಟ್ಟಿಗೆ ಸಿಸೇರಿಯನ್ ಮೂಲಕವೇ ಮಾಡಿಸುವರು.