ಮನೆ ನಿಮ್ಮದು, ಕಾಲಿಂಗ್ ಬೆಲ್ ಮಾತ್ರ ಓನರ್ ಮನೇಲಿ: ಪಾಸ್‌ಥ್ರೂ ವಿಎಂಗಳ ಇಂಟರಪ್ಟ್ ಕತೆ

ಒಂದೇ ಸರ್ವರನ್ನು ಹತ್ತಾರು ವರ್ಚುವಲ್ ಮೆಷಿನ್‌ಗಳಾಗಿ (ವಿಎಂ) ಹಂಚಿ ಬಾಡಿಗೆಗೆ ಕೊಡುವ ಸಾಫ್ಟ್‌ವೇರೇ ಹೈಪರ್‌ವೈಸರ್. ಈ ಮಧ್ಯವರ್ತಿಯ ಉಸಾಬರಿ ಬೇಡ ಅಂತ ನೆಟ್‌ವರ್ಕ್ ಕಾರ್ಡನ್ನೋ ಡಿಸ್ಕನ್ನೋ ನೇರವಾಗಿ ವಿಎಂ ಕೈಗೇ ಕೊಡುವುದಕ್ಕೆ ಪಾಸ್‌ಥ್ರೂ ಅಂತಾರೆ. ಲಿನಕ್ಸ್‌ನಲ್ಲಿ 2012ರಿಂದ ವಿಎಫ್‌ಐಒ ಈ ಕೆಲಸ ಮಾಡುತ್ತಿದೆ. ಅಸಲಿ ಯಂತ್ರದಷ್ಟೇ ವೇಗ ಸಿಗುತ್ತೆ ಅನ್ನೋ ಮಾತು ಬಹುಕಾಲ ಅರ್ಧ ಸತ್ಯವಾಗಿತ್ತು.

ಡೇಟಾ ಏನೋ ಸೀದಾ ವಿಎಂನ ಮೆಮೊರಿಗೆ ಹೋಗುತ್ತೆ. ಆದರೆ 'ಪ್ಯಾಕೆಟ್ ಬಂತು, ನೋಡು' ಅಂತ ಕಾರ್ಡು ಕೊಡುವ ಸೂಚನೆ, ಅಂದರೆ ಇಂಟರಪ್ಟ್, ಮೊದಲು ಹೈಪರ್‌ವೈಸರ್ ಕೈಗೆ ಸಿಗುತ್ತಿತ್ತು. ಬಾಡಿಗೆ ಮನೆಗೆ ಬೇರೆ ಗೇಟು ಕೊಟ್ಟು, ಕಾಲಿಂಗ್ ಬೆಲ್ ಮಾತ್ರ ಓನರ್ ಮನೇಲಿ ಇಟ್ಟ ಹಾಗೆ. ಪ್ರತಿ ಸಲ ಓನರ್ ಎದ್ದು ಬಂದು 'ನಿಮಗ್ಯಾರೋ ಬಂದಿದ್ದಾರೆ' ಅನ್ನಬೇಕು. 'ನೋಡಿಕೊಂಡೆ' ಅಂತ ನೀವು ಮತ್ತೆ ಹೇಳಿ ಕಳಿಸಬೇಕು. ಹೀಗೆ ವಿಎಂ ನಿಂತು ಹೈಪರ್‌ವೈಸರ್ ಓಡುವುದೇ 'ಎಕ್ಸಿಟ್'. ಸೆಕೆಂಡಿಗೆ ಹತ್ತಾರು ಸಾವಿರ ಇಂಟರಪ್ಟ್ ಬರುವ ಕಡೆ, ನೀವು ದುಡ್ಡು ಕೊಟ್ಟ ಸಿಪಿಯು ಈ ಓಡಾಟದಲ್ಲೇ ಸವೆಯುತ್ತೆ.

2012ರಲ್ಲಿ ಐಬಿಎಂನ ಹೈಫಾ ಪ್ರಯೋಗಾಲಯ ಮತ್ತು ಇಸ್ರೇಲಿನ ಟೆಕ್ನಿಯಾನ್ ಸಂಶೋಧಕರು 'ಇಎಲ್ಐ' ಎಂಬ ಸಾಫ್ಟ್‌ವೇರ್ ಉಪಾಯದಿಂದ ಈ ಎಕ್ಸಿಟ್‌ಗಳನ್ನು ತಪ್ಪಿಸಿದರು. ವಿಎಂ ಅಸಲಿ ಯಂತ್ರದ ವೇಗದ 97ರಿಂದ 100 ಶೇಕಡಾ ಮುಟ್ಟಿತು. ಆಮೇಲೆ ಇಂಟೆಲ್ ಹಾರ್ಡ್‌ವೇರಿನಲ್ಲೇ 'ಪೋಸ್ಟೆಡ್ ಇಂಟರಪ್ಟ್' ತಂದಿತು: ಬೆಲ್ಲಿನ ವೈರು ಸೀದಾ ನಿಮ್ಮ ಮನೆಗೆ. ನೀವು ಮಲಗಿದ್ದರೆ ಮಾತ್ರ ಓನರ್ ಬಂದು ಎಬ್ಬಿಸುತ್ತಾರೆ. 2016ರ ಜನವರಿಯ ಲಿನಕ್ಸ್ 4.4ರಲ್ಲಿ ಪಾಸ್‌ಥ್ರೂ ಸಾಧನಗಳಿಗೂ ಇದು ಸಿಕ್ಕಿತು. ಎಎಂಡಿಯ ದಾರಿ 'ಎವಿಐಸಿ'.

ನನಗೆ ವೇಗಕ್ಕಿಂತ ದೊಡ್ಡ ವಿಷಯ ಅನ್ನಿಸೋದು ಭದ್ರತೆ. ಕಾಲೇಜಿನಲ್ಲಿ ಓದಿದ 8086ರಲ್ಲಿ ಇಂಟರಪ್ಟಿಗೆ ಎರಡು ಪಿನ್ ಇದ್ದವು (ಪರೀಕ್ಷೆಗೆ ಅಷ್ಟು ಸಾಕಿತ್ತು). ಇವತ್ತಿನ ಎಂಎಸ್‌ಐ ಪದ್ಧತಿಯಲ್ಲಿ ಇಂಟರಪ್ಟ್ ಅಂದರೆ ಒಂದು ವಿಶೇಷ ವಿಳಾಸಕ್ಕೆ ಸಂಖ್ಯೆ ಬರೆಯುವುದು, ಅಷ್ಟೇ. ಕಾರ್ಡು ನಿಮ್ಮ ಕೈಯಲ್ಲಿದ್ದರೆ ಯಾವ ಸಂಖ್ಯೆ ಬೇಕಾದರೂ ಬರೆಸಬಹುದು, ಯಾರ ಮನೆ ಬೆಲ್ ಬೇಕಾದರೂ ಒತ್ತಬಹುದು. ಇದರಿಂದ ಹೈಪರ್‌ವೈಸರನ್ನೇ ವಶ ಮಾಡಿಕೊಳ್ಳಬಹುದು ಅಂತ 2011ರಲ್ಲಿ ರಫಾಲ್ ವೊಯ್ಟ್‌ಚುಕ್ ಮತ್ತು ಯೊವಾನಾ ರುಟ್ಕೋವ್ಸ್ಕಾ ತೋರಿಸಿದರು. ಇದನ್ನು ತಡೆಯುವುದು 'ಇಂಟರಪ್ಟ್ ರಿಮ್ಯಾಪಿಂಗ್'. ಅದಿಲ್ಲದ ಯಂತ್ರದಲ್ಲಿ ವಿಎಫ್‌ಐಒ ಪಾಸ್‌ಥ್ರೂ ಕೊಡಲು ಒಪ್ಪಲ್ಲ. ಒಪ್ಪಿಸಲು 'ಅಲೋ ಅನ್‌ಸೇಫ್ ಇಂಟರಪ್ಟ್ಸ್' ಎಂಬ ಸ್ವಿಚ್ಚಿದೆ. ಹೆಸರಲ್ಲೇ ಎಚ್ಚರಿಕೆ ಇದೆ. ಮನೆಯಲ್ಲಿ ಗೇಮ್ ಆಡುವ ಪಿಸಿಗೆ ಹಾಕಿಕೊಳ್ಳಿ, ನಿಮ್ಮ ಪಾಡು. ಜನರ ದಾಖಲೆಗಳಿರುವ, ಹಲವರು ಹಂಚಿಕೊಂಡ ಸರ್ವರಿನಲ್ಲಿ ಅದಕ್ಕೆ ಜಾಗವೇ ಇರಕೂಡದು.

ತೊಡಕು ಇರೋದು ಇಲ್ಲೇ. ಯಾವ ಕಾರಣಕ್ಕೆ ಎಷ್ಟು ಎಕ್ಸಿಟ್ ಆಯ್ತು ಅಂತ 'ಪರ್ಫ್ ಕೆವಿಎಂ ಸ್ಟ್ಯಾಟ್' ಲೆಕ್ಕ ಕೊಡುತ್ತೆ, ಪೋಸ್ಟೆಡ್ ಇಂಟರಪ್ಟ್ ಎಣಿಕೆಯೂ ಸಿಗುತ್ತೆ. ಆದರೆ ಎರಡೂ ಕಾಣೋದು ಹೋಸ್ಟ್ ಯಂತ್ರದಲ್ಲಿ, ಅಂದರೆ ಓನರ್‌ಗೆ. ರಿಮ್ಯಾಪಿಂಗ್ ಆನ್ ಇದೆಯಾ ಅನ್ನೋದೂ ಅವರಿಗೇ ಗೊತ್ತು. ಸರ್ಕಾರಿ ಇಲಾಖೆ ಕ್ಲೌಡ್ ಬಾಡಿಗೆಗೆ ತಗೊಳ್ಳುವಾಗ ಕೋರ್ ಎಷ್ಟು, ರ್‍ಯಾಮ್ ಎಷ್ಟು ಅಂತ ಕೇಳಿದರೆ ಸಾಲದು, ಈ ಎರಡನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕು.