ಹೆಂಡತಿ ಅಂತ ಒಂದು ಸರ್ಟಿಫಿಕೇಟ್

ನಮ್ಮ ಲಗ್ನಪತ್ರಿಕೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸೋಕೆ ಹೋಗಿದ್ದೆ. ಜಯನಗರದ ಆ ಅನುವಾದಕರು ಅರ್ಧಕ್ಕೆ ಪೆನ್ನು ನಿಲ್ಲಿಸಿ, "ಮೇಡಂ, ಈ 'ಆಗಮನಾಭಿಲಾಷಿಗಳು' ಅನ್ನೋದನ್ನ ಏನಂತ ಬರೀಲಿ?" ಅಂದರು. ನನಗೂ ಹೊಳೆಯಲಿಲ್ಲ. ನಿಮ್ಮ ಬರವನ್ನು ಬಯಸುವವರು ಅನ್ನುವ ಅರ್ಥ ಬರುವ ಹಾಗೆ ಇಬ್ಬರೂ ಸೇರಿ ಏನೋ ಒಂದು ಬರೆದೆವು. ಅದರ ಕೆಳಗೆ ಸೋದರಮಾವಂದಿರು, ಚಿಕ್ಕಪ್ಪಂದಿರು, ಇನ್ನೂ ಶಾಲೆಗೆ ಸೇರದ ಮಕ್ಕಳು ಎಲ್ಲ ಸೇರಿ ಇಪ್ಪತ್ತಾರು ಹೆಸರು. ಮೂಲೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಬೇರೆ. ಪದಕ್ಕಿಷ್ಟು ಅಂತ ದುಡ್ಡು ಎಣಿಸಿ, ನೋಟರಿ ಸೀಲು ಹಾಕಿಸಿಕೊಂಡು ಬಂದೆ.

ಗಂಡ ಕೆನಡಾದ ಸರ್ರೀಯಲ್ಲಿದ್ದಾನೆ, ನಾನು ಬೆಂಗಳೂರಿನಲ್ಲಿ. ನಡುವೆ ಹನ್ನೆರಡೂವರೆ ಗಂಟೆ. ಅವನು ಅಲ್ಲಿಯ ಪರ್ಮನೆಂಟ್ ರೆಸಿಡೆಂಟ್ ಆಗಿರೋದರಿಂದ ನನ್ನನ್ನು 'ಸ್ಪಾನ್ಸರ್' ಮಾಡಬೇಕು, ಮೂರು ವರ್ಷ ನನ್ನ ಖರ್ಚಿನ ಹೊಣೆ ನನ್ನದು ಅಂತ ಬರೆದುಕೊಡಬೇಕು. ನಾನು ಪೊಲೀಸ್ ಕ್ಲಿಯರೆನ್ಸ್ ತರಬೇಕು, ಮೆಡಿಕಲ್ ಮಾಡಿಸಬೇಕು. ಆ ಮೆಡಿಕಲ್‌ಗೆ ಹನ್ನೆರಡು ತಿಂಗಳ ಆಯಸ್ಸು. ನಾವು ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯ್ತು. ಆಫೀಸಿನಲ್ಲಿ ಪ್ರಮೋಷನ್ ಮಾತು ಬಂದಾಗ "ಎರಡು ವರ್ಷ ಇರ್ತೀಯಾ?" ಅಂತ ಕೇಳಿದರು. ಉತ್ತರ ಕೊಡಲಾಗಲಿಲ್ಲ. ಪ್ರಮೋಷನ್ ಪಕ್ಕದ ಟೀಮಿನವರಿಗೆ ಹೋಯ್ತು. ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡಿಕೊಳ್ಳೋಕೂ ಹೆದರುತ್ತೇನೆ.

ಈ ಕಥೆಯನ್ನು ಹೇಳಿಕೊಂಡು ಅಳೋದು ನನ್ನ ಉದ್ದೇಶ ಅಲ್ಲ. ಒಂದು ಭಾನುವಾರ ಅವನು ಅಬಾಟ್ಸ್‌ಫರ್ಡ್‌ಗೆ ಹೋಗಿದ್ದ, ಸರ್ರೀಯಿಂದ ಮುಕ್ಕಾಲು ಗಂಟೆ ದಾರಿ. ಅಲ್ಲಿ 1911ರಲ್ಲಿ ಕಟ್ಟಿದ ಒಂದು ಮರದ ಗುರುದ್ವಾರ ಇದೆ. ಹತ್ತಿರದ ಸಾಮಿಲ್ಲಿನಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಮರದ ದಿಮ್ಮಿ, ಹಲಗೆಗಳನ್ನು ಬೆನ್ನ ಮೇಲೆ ಹೊತ್ತು ತಂದು ಕಟ್ಟಿದ್ದು. ಈಗ ಅಲ್ಲೊಂದು ಮ್ಯೂಸಿಯಂ ಕೂಡ ಇದೆ. ಲಂಗರಿನಲ್ಲಿ ಊಟ ಮುಗಿಸಿ ಅವನು ವಿಡಿಯೋ ಕಾಲ್ ಮಾಡಿ ಹಳೆಯ ಫೋಟೋಗಳನ್ನು ತೋರಿಸಿದ. ಪೇಟ, ಕೋಟು, ಗಡ್ಡ. ಸಾಲು ಸಾಲಾಗಿ ಗಂಡಸರು. "ಹೆಂಗಸರು ಎಲ್ಲೋ?" ಅಂತ ಕೇಳಿದೆ. ಹುಡುಕಿದ. "ಕಾಣ್ತಾ ಇಲ್ಲ ಕಣೇ" ಅಂದ. ಅವತ್ತಿನಿಂದ ನಾನು ಓದೋಕೆ ಶುರು ಮಾಡಿದೆ. ಕಾಯುವವರಿಗೆ ಟೈಮಿಗೇನು ಬರ!

1904ರಿಂದ 1908ರ ಒಳಗೆ ಸುಮಾರು 5,000 ಭಾರತೀಯರು ಕೆನಡಾಕ್ಕೆ ಹೋಗಿದ್ದರು. ಹೆಚ್ಚಿನವರು ಪಂಜಾಬಿನ ಸಿಖ್ಖರು, ಎಷ್ಟೋ ಜನ ಬ್ರಿಟಿಷ್ ಸೈನ್ಯದಲ್ಲಿ ಇದ್ದವರು. ಮೊದಲು ದುಡಿಯೋಣ, ಆಮೇಲೆ ಸಂಸಾರ ಕರೆಸಿಕೊಳ್ಳೋಣ ಅನ್ನುವ ಲೆಕ್ಕಾಚಾರ. 1908ರ ಜನವರಿಯಲ್ಲಿ ಒಂದು ಸರ್ಕಾರಿ ಆದೇಶ ಬಂತು. ಕೆನಡಾಕ್ಕೆ ಬರುವವರು ತಮ್ಮ ದೇಶದಲ್ಲೇ ಕೊಂಡ ಟಿಕೆಟ್ಟಿನಲ್ಲಿ, ಎಲ್ಲೂ ಪ್ರಯಾಣ ಮುರಿಯದೆ ನೇರವಾಗಿ ಬರಬೇಕು. ಜೊತೆಗೆ ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕು ಅನ್ನುವ ಇನ್ನೊಂದು ನಿಯಮ. ಮೊದಲ ಆದೇಶದಲ್ಲಿ 'ಭಾರತೀಯ' ಅನ್ನುವ ಪದವೇ ಇಲ್ಲ. ಆದರೆ ಕಲ್ಕತ್ತಾದಿಂದ ವ್ಯಾಂಕೂವರಿಗೆ ನೇರ ಟಿಕೆಟ್ ಯಾರೂ ಮಾರದ ಹಾಗೆ ಸರ್ಕಾರವೇ ನೋಡಿಕೊಂಡಿತ್ತು. ಬರಬೇಡಿ ಅಂತ ಯಾರೂ ಹೇಳಲಿಲ್ಲ ನೋಡಿ. ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಮಾತ್ರ ತೆಗೆದಿದ್ದರು.

ಈ ಆದೇಶದ ಬಗ್ಗೆ ಓದುವಾಗ ಎಲ್ಲರೂ 1914ರ ಕೊಮಗಾಟ ಮಾರು ಹಡಗಿನ ಕಥೆಗೆ ಹೋಗುತ್ತಾರೆ. 376 ಜನರಿದ್ದ ಹಡಗು ಎರಡು ತಿಂಗಳು ವ್ಯಾಂಕೂವರ್ ಬಂದರಿನಲ್ಲಿ ನಿಂತು ವಾಪಸ್ಸು ಹೋಯಿತು. ದೊಡ್ಡ ಕಥೆ, ನಿಜ. ಆದರೆ ಅದೇ ನಿಯಮ ಅದಕ್ಕೂ ಮೊದಲೇ ಹಡಗು ಹತ್ತಲೂ ಆಗದ ಹೆಂಡತಿಯರನ್ನು ತಡೆದಿತ್ತು. ಊರಲ್ಲಿ ಕೂತು ಕಾಯುವವರ ಫೋಟೋ ಯಾವ ಪತ್ರಿಕೆಯವನೂ ತೆಗೆಯುವುದಿಲ್ಲ.

ಆ ಕಾಲದಲ್ಲಿ ಚೀನಾದವರು ತಲೆಗೆ 500 ಡಾಲರ್ ತೆರಿಗೆ ಕಟ್ಟಿದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಕೂಲಿಯವನಿಗೆ ಅದು ಎಟುಕದ ಮೊತ್ತ, ಆದರೂ ದಾರಿ ಅಂತ ಒಂದಿತ್ತು. ಜಪಾನಿನವರ ಹೆಂಡತಿಯರೂ ಬರಬಹುದಿತ್ತು. ಬ್ರಿಟಿಷ್ ಚಕ್ರವರ್ತಿಯ ಪ್ರಜೆಗಳು ಅಂತ ಹೇಳಿಕೊಳ್ಳುತ್ತಿದ್ದ ನಮ್ಮವರಿಗೆ ಮಾತ್ರ ಇಲ್ಲ. ಇದಕ್ಕೆ ಕಾರಣ ದೊಡ್ಡ ರಹಸ್ಯವೇನಲ್ಲ. ಒಂಟಿ ಗಂಡಸು ದುಡಿದು ಒಂದು ದಿನ ವಾಪಸ್ಸು ಹೋಗುತ್ತಾನೆ, ಹೆಂಡತಿ ಬಂದರೆ ಮನೆ, ಮಕ್ಕಳು, ಶಾಲೆ ಎಲ್ಲ ಆಗುತ್ತೆ. ಬೇರು ಬಿಡೋದು ಹೆಂಗಸಿನಿಂದ ಅನ್ನೋದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಭಾಗ್ ಸಿಂಗ್ ಮತ್ತು ಬಲವಂತ್ ಸಿಂಗ್ ಅಂತ ಇಬ್ಬರು. ಒಬ್ಬರು ವ್ಯಾಂಕೂವರಿನ ಖಾಲ್ಸಾ ದಿವಾನ್ ಸೊಸೈಟಿಯ ಅಧ್ಯಕ್ಷರು, ಇನ್ನೊಬ್ಬರು ಅಲ್ಲಿಯ ಗುರುದ್ವಾರದ ಗ್ರಂಥಿ. ಇಬ್ಬರೂ ಸಂಸಾರ ಕರೆತರಲು ಊರಿಗೆ ಹೋದರು. ಕಲ್ಕತ್ತಾದಲ್ಲಿ ಟಿಕೆಟ್ ಸಿಗಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಾಂಗ್‌ಕಾಂಗ್‌ಗೆ ಹೋಗಿ ಅಲ್ಲಿ ಕಾದರು. ಕೊನೆಗೆ 1912ರ ಜನವರಿಯಲ್ಲಿ ಮಾಂಟೀಗಲ್ ಅನ್ನುವ ಹಡಗಿನಲ್ಲಿ ವ್ಯಾಂಕೂವರ್ ಮುಟ್ಟಿದರು. ಗಂಡಸರಿಬ್ಬರೂ ಇಳಿಯಬಹುದು, ಹೆಂಗಸರು ಮಕ್ಕಳು ವಾಪಸ್ಸು ಹೋಗಬೇಕು ಅಂತ ಆದೇಶ ಆಯ್ತು! ಗದ್ದಲ, ಜಾಮೀನು, ಒಟ್ಟಾವಾಕ್ಕೆ ಮನವಿ. ತಿಂಗಳುಗಳ ನಂತರ ಸರ್ಕಾರ ಅವರಿಗೆ ಇರಲು ಬಿಟ್ಟಿತು. ಹಕ್ಕು ಅಂತಲ್ಲ, ಕೃಪೆ ಅಂತ. ಇದನ್ನು ಮುಂದೆ ಯಾರೂ ಉದಾಹರಣೆಯಾಗಿ ಎತ್ತಿಕೊಳ್ಳುವ ಹಾಗಿಲ್ಲ ಅನ್ನುವ ಷರತ್ತಿನ ಮೇಲೆ.

ಭಾಗ್ ಸಿಂಗ್ ಅವರ ಹೆಂಡತಿಯ ಹೆಸರು ಹರ್ನಾಮ್ ಕೌರ್. ಅಷ್ಟೆಲ್ಲ ಕಾದು ಬಂದ ಆಕೆ ವ್ಯಾಂಕೂವರಿನಲ್ಲಿ ಬದುಕಿದ್ದು ಎರಡೇ ವರ್ಷ. 1914ರ ಜನವರಿಯಲ್ಲಿ ಹೆರಿಗೆಯ ನಂತರ ತೀರಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಭಾಗ್ ಸಿಂಗ್ ಅವರನ್ನು ಗುರುದ್ವಾರದ ಒಳಗೇ, ಇಮಿಗ್ರೇಷನ್ ಇಲಾಖೆಗೆ ಮಾಹಿತಿ ಕೊಡುತ್ತಿದ್ದವನೊಬ್ಬ ಗುಂಡು ಹೊಡೆದು ಕೊಂದ. ಉಳಿದದ್ದು ಎರಡು ಪುಟ್ಟ ಮಕ್ಕಳು. ಬಲವಂತ್ ಸಿಂಗ್ 1913ರಲ್ಲಿ ಇದೇ ಅಹವಾಲು ಹಿಡಿದುಕೊಂಡು ಲಂಡನ್ನಿಗೂ ಪಂಜಾಬಿಗೂ ಹೋದ ನಿಯೋಗದಲ್ಲಿದ್ದರು. ನಾಲ್ಕು ವರ್ಷದ ಮೇಲೆ, 1917ರಲ್ಲಿ, ಗದರ್ ಪ್ರಕರಣದಲ್ಲಿ ಲಾಹೋರಿನಲ್ಲಿ ಅವರಿಗೆ ಗಲ್ಲಾಯ್ತು. ಹೆಂಡತಿಯನ್ನು ಬಿಡಲಿಲ್ಲ ಅನ್ನೋದೊಂದೇ ಕಾರಣಕ್ಕೆ ಯಾರೂ ಕ್ರಾಂತಿಕಾರಿ ಆಗೋದಿಲ್ಲ ಅಂತ ಗೊತ್ತು. ಆದರೆ ಮನವಿ ಪತ್ರ ಬರೆದೂ ಬರೆದೂ ಸಾಕಾದ ಮನುಷ್ಯನನ್ನು ನಾನು ಊಹಿಸಿಕೊಳ್ಳಬಲ್ಲೆ.

ನಾನು ಹುಡುಕುತ್ತಿದ್ದದ್ದು ಸಿಕ್ಕಿದ್ದು 1918ರಲ್ಲಿ. ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೈನಿಕರ ರಕ್ತ ಸಾಕಷ್ಟು ಹರಿದಿತ್ತು, ಬ್ರಿಟನ್ನಿಗೆ ಮುಜುಗರ. ಲಂಡನ್ನಿನ ಇಂಪೀರಿಯಲ್ ವಾರ್ ಕಾನ್ಫರೆನ್ಸಿನಲ್ಲಿ ಭಾರತದ ಪರವಾಗಿ ಎಸ್. ಪಿ. ಸಿನ್ಹಾ ವಾದಿಸಿದರು. ವಸಾಹತುಗಳಲ್ಲಿ ಆಗಲೇ ನೆಲೆಸಿದ ಭಾರತೀಯರು ಹೆಂಡತಿ ಮತ್ತು ಚಿಕ್ಕ ಮಕ್ಕಳನ್ನು ಕರೆಸಿಕೊಳ್ಳಬಹುದು ಅಂತ ನಿರ್ಣಯವಾಯಿತು. ಷರತ್ತು ಎರಡು. ಒಬ್ಬನಿಗೆ ಒಬ್ಬಳೇ ಹೆಂಡತಿ. ಮತ್ತು ಈಕೆ ಇವನ ಕಾನೂನುಬದ್ಧ ಹೆಂಡತಿ ಹೌದು ಅಂತ ಭಾರತ ಸರ್ಕಾರ ಸರ್ಟಿಫಿಕೇಟ್ ಕೊಡಬೇಕು. 1919ರಲ್ಲಿ ಕೆನಡಾ ಅದಕ್ಕೆ ತಕ್ಕ ಆದೇಶ ಹೊರಡಿಸಿತು.

ಪಂಜಾಬಿನ ಹಳ್ಳಿಯಲ್ಲಿ ಗುರು ಗ್ರಂಥ ಸಾಹಿಬಿನ ಸುತ್ತ ನಾಲ್ಕು ಸುತ್ತು ಹಾಕಿ ಆದ ಮದುವೆಗೆ ಊರೆಲ್ಲ ಸಾಕ್ಷಿ, ಆದರೆ ಕಾಗದ ಎಲ್ಲಿಂದ ಬರಬೇಕು? ನಮ್ಮ ಅಜ್ಜಿಯ ಮದುವೆಗೂ ಕಾಗದ ಇಲ್ಲ. ಐದು ದಿನದ ಮದುವೆ, ಎರಡು ಊರಿನ ಜನ ಊಟ ಮಾಡಿದ್ದಾರೆ, ಸಾಲದೇ ಅನ್ನುತ್ತಿದ್ದರು ಅಜ್ಜಿ. ಹಕ್ಕು ಸಿಕ್ಕ ಮೇಲೂ ಬಂದವರು ಬೆರಳೆಣಿಕೆಯಷ್ಟು ಹೆಂಗಸರು. ಕಾಯುವಿಕೆ ಕಡಲಿನಿಂದ ಕಚೇರಿಗೆ ಜಾಗ ಬದಲಿಸಿತು, ಅಷ್ಟೇ. ಜಯನಗರದಲ್ಲಿ ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಆ ಸಾಲಿನದ್ದೇ ಅಂತ ನನಗನ್ನಿಸುತ್ತೆ.

ಚೀನಾದವರದ್ದು ಉಲ್ಟಾ ಆಯ್ತು. 1923ರ ಜುಲೈ 1ಕ್ಕೆ ಬಂದ ಕಾನೂನು ಅವರಿಗೆ ಬಾಗಿಲನ್ನೇ ಮುಚ್ಚಿತು. ಕೆನಡಾದಲ್ಲಿದ್ದ ಗಂಡ ಎರಡು ವರ್ಷದೊಳಗೆ ಊರಿಗೆ ಹೋಗಿ ಬರಬಹುದು, ಹೆಂಡತಿ ಬರುವಂತಿಲ್ಲ. 1947ರವರೆಗೆ ಹೀಗೇ. 2006ರಲ್ಲಿ ಸರ್ಕಾರ ಕ್ಷಮೆ ಕೇಳಿ, ತಲೆ ತೆರಿಗೆ ಕಟ್ಟಿ ಇನ್ನೂ ಬದುಕಿದ್ದವರಿಗೆ, ಅವರು ತೀರಿಕೊಂಡಿದ್ದರೆ ಬದುಕಿದ್ದ ಹೆಂಡತಿಗೆ, 20,000 ಡಾಲರ್ ಕೊಟ್ಟಿತು.

ಈಗ ಜಾತಿ, ದೇಶ ಯಾರೂ ಕೇಳಲ್ಲ. ಇದು ಸಣ್ಣ ಬದಲಾವಣೆ ಅಲ್ಲ. ನನ್ನನ್ನು ಹರ್ನಾಮ್ ಕೌರ್ ಜೊತೆ ಹೋಲಿಸಿಕೊಂಡರೆ ನನಗೇ ನಾಚಿಕೆ; ನನ್ನ ಕೈಯಲ್ಲಿ ವಿಡಿಯೋ ಕಾಲ್ ಇದೆ, ಸಂಬಳ ಇದೆ. ಸುಳ್ಳು ಮದುವೆಗಳೂ ನಡೆಯುತ್ತವೆ, ಅದನ್ನು ತಡೆಯಬೇಕಾದ್ದೂ ಸರಿ. ಆದರೆ ಅನುಮಾನ ಮಾತ್ರ ಹೋಗಿಲ್ಲ. 2012ರಿಂದ 2017ರವರೆಗೆ ಹೊಸದಾಗಿ ಮದುವೆಯಾಗಿ ಬಂದ ಎಷ್ಟೋ ಗಂಡ ಹೆಂಡಿರು ಎರಡು ವರ್ಷ ಒಟ್ಟಿಗೇ ಬಾಳಬೇಕು, ಇಲ್ಲದಿದ್ದರೆ ರೆಸಿಡೆನ್ಸಿ ಹೋಗಬಹುದು ಅನ್ನುವ ನಿಯಮ ಇತ್ತು. ಹೊಡೆಯುವ ಗಂಡನ ಮನೆಯಿಂದ ಹೊರಬರಲು ಹೆಂಗಸರು ಹೆದರುತ್ತಾರೆ ಅನ್ನುವ ಟೀಕೆ ಬಂತು. ಅಂಥವರಿಗೆ ವಿನಾಯಿತಿ ಇತ್ತು, ಆದರೆ ಅದನ್ನೂ ಸಾಬೀತು ಮಾಡಬೇಕಿತ್ತು. ಕೊನೆಗೆ ನಿಯಮವನ್ನೇ ತೆಗೆದರು.

ನಾವು ತುಂಬಿದ ಫಾರಂನಲ್ಲಿ ಎಲ್ಲಿ ಭೇಟಿಯಾದಿರಿ, ಮದುವೆಗೆ ಯಾರ್ಯಾರು ಬಂದಿದ್ದರು, ಆಮೇಲೆ ಎಲ್ಲಿಗೆ ಹೋದಿರಿ ಅಂತೆಲ್ಲ ಪ್ರಶ್ನೆ. ಹನಿಮೂನಿಗೆ ಹೋಗಿಲ್ಲ, ಅವನ ರಜ ಮುಗಿದಿತ್ತು ಅಂತ ಬರೆದೆ. ಬರೆದಾದ ಮೇಲೆ, ಇದನ್ನು ಓದುವವರಿಗೆ ನಾವು ಗಂಡ ಹೆಂಡತಿ ಥರ ಕಾಣ್ತೀವಾ ಅಂತ ನನಗೇ ಅನುಮಾನ ಬಂತು.

ಹೋದ ವಾರ ಒಂದು ಮೇಲ್ ಬಂದಿದೆ. ಇನ್ನೊಮ್ಮೆ ಮೆಡಿಕಲ್. ಜೊತೆಗೆ ಇತ್ತೀಚಿನ ಸಂಪರ್ಕದ ಪುರಾವೆ, ಮೂವತ್ತು ದಿನದೊಳಗೆ. ವಾಟ್ಸಾಪ್ ಚಾಟನ್ನು ಪ್ರಿಂಟ್ ಹಾಕಿಸಿ ಮತ್ತೆ ಜಯನಗರಕ್ಕೆ ಹೋದೆ. ಅನುವಾದಕರು ಕನ್ನಡಕ ಏರಿಸಿ ಹಾಳೆ ತಿರುವುತ್ತಾ ಹೋದರು. "ಮೇಡಂ, ಎಲ್ಲಾ ಕಡೆ 'ಊಟ ಆಯ್ತಾ' ಅಂತಾನೇ ಇದೆಯಲ್ಲ. ಒಂದು ಸಲ ಬರೆದು, ಉಳಿದದ್ದು ಅದೇ ಅಂತ ಹಾಕ್ಲಾ? ನಿಮಗೂ ದುಡ್ಡು ಉಳಿಯುತ್ತೆ."

"ಬೇಡ ಸರ್," ಅಂದೆ, "ಎಲ್ಲಾನೂ ಬರೀರಿ."